ಕೋಸ್ಟ್‌ಸ್ನ್ಯಾಪ್ ವಿಮರ್ಶೆ: ಅಳತೆ ಜನರ ಕೈಗೆ ಬಂದಿದೆ, ತೀರ್ಮಾನ ಇನ್ನೂ ಬಂದಿಲ್ಲ

ಕೋಸ್ಟ್‌ಸ್ನ್ಯಾಪ್ ನೋಡುವುದಕ್ಕೆ ದೊಡ್ಡ ವ್ಯವಸ್ಥೆಯೇನೂ ಅಲ್ಲ. ಕಡಲತೀರ ಚೆನ್ನಾಗಿ ಕಾಣುವ ಎತ್ತರದ ಜಾಗದಲ್ಲಿ, ಕಂಬಕ್ಕೋ ಕಟಾಂಜನಕ್ಕೋ ಬಿಗಿದ, ಮೊಬೈಲ್ ಫೋನು ಕೂರುವಷ್ಟೇ ಅಳತೆಯ ಒಂದು ಸ್ಟೀಲ್ ಸ್ಟ್ಯಾಂಡ್. ಪಕ್ಕದಲ್ಲಿ ಏನು ಮಾಡಬೇಕೆಂದು ತಿಳಿಸುವ ಒಂದು ಫಲಕ. ಅಲ್ಲಿ ಹಾದುಹೋಗುವ ಯಾರು ಬೇಕಾದರೂ ತಮ್ಮ ಫೋನನ್ನು ಅದರಲ್ಲಿಟ್ಟು ಒಂದು ಚಿತ್ರ ತೆಗೆದು, ಆ್ಯಪ್ ಮೂಲಕವೋ ಸಾಮಾಜಿಕ ಜಾಲತಾಣದ ಮೂಲಕವೋ ಕಳುಹಿಸಿ ತಮ್ಮ ದಾರಿ ಹಿಡಿಯಬಹುದು. ಸ್ಟ್ಯಾಂಡ್ ಅಲುಗಾಡುವುದಿಲ್ಲವಾದ್ದರಿಂದ ನೂರು ಜನ ನೂರು ದಿನ ತೆಗೆದ ಚಿತ್ರಗಳೆಲ್ಲ ಒಂದೇ ಜಾಗದಿಂದ, ಒಂದೇ ದಿಕ್ಕಿಗೆ ತೆಗೆದವಾಗಿರುತ್ತವೆ. ಅವುಗಳನ್ನು ಸಾಲಾಗಿ ಜೋಡಿಸಿದರೆ ಮರಳದಂಡೆ ಯಾವಾಗ ಹಿಂದೆ ಸರಿಯಿತು, ಯಾವಾಗ ಮುಂದೆ ಬಂತು ಎಂಬುದರ ದಾಖಲೆ ಸಿದ್ಧವಾಗುತ್ತದೆ.

ಕಡಲತೀರದ ನಿರ್ವಹಣೆಯಲ್ಲಿ ಅಲ್ಲಿನ ಜನರನ್ನು ತೊಡಗಿಸಬೇಕು ಎಂಬ ಮಾತು ಇಂದು ಪ್ರತಿಯೊಂದು ಯೋಜನಾ ವರದಿಯಲ್ಲೂ ಇರುತ್ತದೆ. ಹಾಗೆ ತೊಡಗಿಸುವುದಕ್ಕೆ ಸುಲಭವಾದ ಸಾಧನವೆಂದು ಹೆಚ್ಚಾಗಿ ಸೂಚಿಸಲಾಗುವ ಸೇವೆಗಳಲ್ಲಿ ಇದೂ ಒಂದು. ಆದ್ದರಿಂದ ಇದನ್ನು ಎರಡು ಬೇರೆ ಬೇರೆ ತಕ್ಕಡಿಗಳಲ್ಲಿ ತೂಗಬೇಕೆಂದು ನನಗೆ ತೋರುತ್ತದೆ. ತೀರವನ್ನು ಅಳೆಯುವ ಉಪಕರಣವಾಗಿ ಇದು ಎಷ್ಟು ನಂಬಿಕೆಗೆ ಅರ್ಹ ಎಂಬುದು ಒಂದು. ತೀರದ ಬಗ್ಗೆ ತೀರ್ಮಾನಿಸುವ ಅಧಿಕಾರವನ್ನು ಅಲ್ಲಿ ಬದುಕುವವರ ಹತ್ತಿರಕ್ಕೆ ಇದು ಎಷ್ಟರ ಮಟ್ಟಿಗೆ ತರುತ್ತದೆ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಇದು ನನ್ನ ನಿರೀಕ್ಷೆಗಿಂತ ಚೆನ್ನಾಗಿ ನಿಲ್ಲುತ್ತದೆ. ಎರಡನೆಯದರಲ್ಲಿ ಪ್ರಚಾರದ ಮಾತುಗಳಿಗೂ ವಾಸ್ತವಕ್ಕೂ ಸಾಕಷ್ಟು ಅಂತರವಿದೆ.

ಇದು ಹುಟ್ಟಿದ ಜಾಗದ ಹಿನ್ನೆಲೆ ತಿಳಿದುಕೊಳ್ಳುವುದು ಉಪಯುಕ್ತ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಜಲ ಸಂಶೋಧನಾ ಪ್ರಯೋಗಾಲಯವು ಅಲ್ಲಿನ ರಾಜ್ಯ ಸರ್ಕಾರದ ಪರಿಸರ ಇಲಾಖೆಯೊಡನೆ ಸೇರಿ 2017ರಲ್ಲಿ ಸಿಡ್ನಿಯ ಮ್ಯಾನ್ಲಿ ಮತ್ತು ನಾರ್ತ್ ನ್ಯಾರಬೀನ್ ತೀರಗಳಲ್ಲಿ ಮೊದಲ ಸ್ಟ್ಯಾಂಡ್‌ಗಳನ್ನು ನಿಲ್ಲಿಸಿತು. ನ್ಯಾರಬೀನ್ ಸಾಮಾನ್ಯ ತೀರವಲ್ಲ. 1976ರಿಂದ ಅದರ ಮರಳಿನ ಏರಿಳಿತವನ್ನು ಸಂಶೋಧಕರು ತಿಂಗಳು ತಿಂಗಳೂ ಅಳೆಯುತ್ತ ಬಂದಿದ್ದಾರೆ. ಜಗತ್ತಿನಲ್ಲಿ ಇಷ್ಟು ದೀರ್ಘ ಕಾಲ ಬಿಡದೆ ಅಳೆಯಲಾದ ಮರಳ ತೀರಗಳು ಬೆರಳೆಣಿಕೆಯಷ್ಟು ಮಾತ್ರ. 2016ರ ಜೂನ್ ತಿಂಗಳಿನ ಬಿರುಗಾಳಿಯಲ್ಲಿ ಅದೇ ದಂಡೆಯ ಕೊಲರಾಯ್ ಭಾಗದಲ್ಲಿ ಮನೆಯಂಗಳಗಳು ಕುಸಿದು, ಒಂದು ಮನೆಯ ಈಜುಕೊಳ ಇಡಿಯಾಗಿ ಕಿತ್ತು ಮರಳಿನ ಮೇಲೆ ಬಿದ್ದ ಚಿತ್ರ ಹಲವು ದೇಶಗಳ ಪತ್ರಿಕೆಗಳಲ್ಲಿ ಬಂದಿತ್ತು. ನಲವತ್ತು ವರ್ಷಗಳ ನಿಖರವಾದ ಅಳತೆಗಳು ಕೈಯಲ್ಲಿದ್ದ ತೀರದಲ್ಲೇ ಈ ಅಗ್ಗದ ವಿಧಾನವನ್ನು ಪರೀಕ್ಷೆಗೆ ಒಡ್ಡಿದ್ದು ಅದರ ರೂವಾರಿಗಳ ಪ್ರಾಮಾಣಿಕತೆಗೆ ಸಾಕ್ಷಿ. 2022ರ ಹೊತ್ತಿಗೆ 20ಕ್ಕೂ ಹೆಚ್ಚು ದೇಶಗಳ ಸುಮಾರು 200 ಕಡೆಗಳಿಗೆ ಇದು ಹಬ್ಬಿತ್ತು.

ಚಿತ್ರ ಅಳತೆಯಾಗುವುದು ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಇದರ ಗುಣವೂ ದೋಷವೂ ಅಲ್ಲೇ ಅಡಗಿವೆ. ಒಬ್ಬೊಬ್ಬರ ಫೋನಿನ ಕ್ಯಾಮೆರಾ ಒಂದೊಂದು ಬಗೆಯದು. ನೋಟದ ಅಗಲ ಬೇರೆ, ಮಸೂರ ಬೇರೆ. ಹೀಗಾಗಿ ಚಿತ್ರದಲ್ಲಿ ಕಾಣುವ ಅಲುಗಾಡದ ಗುರುತುಗಳನ್ನು, ಎಂದರೆ ಬಂಡೆ, ಕಟ್ಟಡದ ಮೂಲೆ, ದೀಪದ ಕಂಬ ಮೊದಲಾದವನ್ನು, ಮೊದಲೇ ಸರ್ವೆ ಮಾಡಿ ಇಟ್ಟುಕೊಂಡಿರುತ್ತಾರೆ. ಆ ಗುರುತುಗಳ ಆಧಾರದ ಮೇಲೆ ಓರೆಯಾಗಿ ಕಾಣುವ ಚಿತ್ರವನ್ನು ತಂತ್ರಾಂಶವು ಆಕಾಶದಿಂದ ನೇರವಾಗಿ ಕೆಳಗೆ ನೋಡಿದ ನಕ್ಷೆಯಂತೆ ಹಿಗ್ಗಿಸುತ್ತದೆ. ಅನಂತರ ಒದ್ದೆ ಮತ್ತು ಒಣ ಭಾಗಗಳ ಬಣ್ಣದ ವ್ಯತ್ಯಾಸವನ್ನು ಹಿಡಿದು ನೀರಿನ ಅಂಚನ್ನು ಗೆರೆಯಾಗಿ ಎಳೆಯುತ್ತದೆ. ಮರಳಿನಲ್ಲಿ ಕೆಂಪಿನ ಅಂಶ ಹೆಚ್ಚು, ನೀರಿನಲ್ಲಿ ನೀಲಿಯ ಅಂಶ ಹೆಚ್ಚು ಎಂಬ ಸರಳ ಸಂಗತಿಯೇ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೊನೆಯಲ್ಲಿ ಚಿತ್ರ ತೆಗೆದ ಗಳಿಗೆಯಲ್ಲಿ ಸಮುದ್ರ ಉಬ್ಬರದಲ್ಲಿತ್ತೋ ಇಳಿತದಲ್ಲಿತ್ತೋ ಎಂಬುದನ್ನು ನೋಡಿ ಗೆರೆಯನ್ನು ಒಂದೇ ಮಟ್ಟಕ್ಕೆ ಹೊಂದಿಸುತ್ತಾರೆ.

ಈ ಕೊನೆಯ ಹಂತವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಹತ್ತು ಮೀಟರಿಗೆ ಒಂದು ಮೀಟರು ಏರುವ ದಂಡೆಯಲ್ಲಿ ನೀರು ಒಂದು ಮೀಟರು ಮೇಲೆ ಬಂದರೆ ಅಂಚು ಹತ್ತು ಮೀಟರು ಒಳಗೆ ಸರಿಯುತ್ತದೆ. ಐವತ್ತಕ್ಕೆ ಒಂದರಂತೆ ಏರುವ ಚಪ್ಪಟೆ ದಂಡೆಯಲ್ಲಿ ಅದೇ ಒಂದು ಮೀಟರು ನೀರು ಐವತ್ತು ಮೀಟರು ಒಳಗೆ ನುಗ್ಗುತ್ತದೆ. ಹೀಗಿರುವಾಗ ಚಿತ್ರದ ಸಮಯ ಒಂದು ಗಂಟೆ ತಪ್ಪಿದರೂ ಕೊರೆತವೆಂದು ತೋರಿದ್ದು ಬರಿಯ ಉಬ್ಬರವಾಗಿರಬಹುದು. ಜಾಲತಾಣಗಳಿಗೆ ಏರಿಸಿದ ಚಿತ್ರಗಳಲ್ಲಿ ಮೂಲ ಸಮಯದ ಮಾಹಿತಿ ಅಳಿಸಿಹೋಗುವುದುಂಟು. ಕಳುಹಿಸುವವರು ದಿನಾಂಕ ಮತ್ತು ಸಮಯವನ್ನು ತಾವೇ ಬರೆಯಬೇಕಾಗುತ್ತದೆ. ಆ್ಯಪ್ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿದೆ. ಹೊಸದಾಗಿ ಸೇರುವವರು ಆ್ಯಪ್ ಮೂಲಕವೇ ಕಳುಹಿಸುವುದು ಒಳ್ಳೆಯದು.

ನಿಖರತೆಯ ಮಾತಿಗೆ ಬಂದರೆ, ತಪ್ಪು ಕೆಲವು ಮೀಟರುಗಳ ಮಿತಿಯಲ್ಲಿ ಇರುತ್ತದೆ ಎಂದಿಟ್ಟುಕೊಂಡು ಬಳಸುವುದು ಸುರಕ್ಷಿತ. ಇಷ್ಟು ತಪ್ಪನ್ನು ಇಟ್ಟುಕೊಂಡು ವರ್ಷಕ್ಕೆ ಅರ್ಧ ಮೀಟರು ಸವೆಯುವ ದಂಡೆಯ ಬಗ್ಗೆ ಆರು ತಿಂಗಳಲ್ಲಿ ಏನನ್ನೂ ಹೇಳಲಾಗದು. ಆದರೆ ಒಂದು ಬಿರುಗಾಳಿಗೆ ಹತ್ತಿಪ್ಪತ್ತು ಮೀಟರು ಮರಳು ಹೋಗುವ ತೀರದಲ್ಲಿ ಇದು ಸ್ಪಷ್ಟವಾಗಿ ಹೇಳುತ್ತದೆ. ಮೇಲಾಗಿ ಆ ಮರಳು ಮರಳಿ ಬಂತೇ, ಎಷ್ಟು ತಿಂಗಳಲ್ಲಿ ಬಂತು ಎಂಬುದನ್ನೂ ಹೇಳುತ್ತದೆ. ನನ್ನ ದೃಷ್ಟಿಯಲ್ಲಿ ಈ ಸೇವೆಯ ಅತ್ಯಂತ ದೊಡ್ಡ ಉಪಯೋಗ ಇದೇ. ಬಿರುಸಿನ ಅಲೆಗಳು ದಂಡೆಯ ಮರಳನ್ನು ಕಿತ್ತು ನೀರಿನೊಳಗಿನ ದಿಬ್ಬಕ್ಕೆ ಸಾಗಿಸುತ್ತವೆ; ಶಾಂತ ಅಲೆಗಳು ಅದನ್ನು ತಿಂಗಳುಗಟ್ಟಲೆ ನಿಧಾನವಾಗಿ ಹಿಂದಕ್ಕೆ ತರುತ್ತವೆ. ಕೆಲವು ಕಡೆ, ಪೆಸಿಫಿಕ್ ಸಾಗರದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಮತ್ತು ತಣ್ಣಗಾಗುವ ಲಾ ನಿನಾ ವರ್ಷಗಳಲ್ಲಿ ಅಲೆಗಳ ದಿಕ್ಕು ಬದಲಾಗಿ, ದಂಡೆಯ ಒಂದು ತುದಿ ಸವೆದು ಇನ್ನೊಂದು ತುದಿ ಬೆಳೆಯುತ್ತದೆ. ನ್ಯಾರಬೀನಿನ ದೀರ್ಘ ದಾಖಲೆಯಿಂದಲೇ ಇದು ಚೆನ್ನಾಗಿ ತಿಳಿದುಬಂತು. ಇದನ್ನು ಅರಿಯದೆ, ಬಿರುಗಾಳಿಯ ಮರುದಿನದ ಒಂದೇ ಚಿತ್ರವನ್ನು ಹಿಡಿದುಕೊಂಡು ಕಲ್ಲಿನ ತಡೆಗೋಡೆ ಬೇಕೆಂದು ಒತ್ತಾಯಿಸುವವರಿಗೆ ಕೊರತೆಯಿಲ್ಲ. ತೀರದುದ್ದಕ್ಕೂ ಸಾಗುವ ಮರಳನ್ನು ಅಡ್ಡಗಟ್ಟಿದ ಕಡೆ ದಂಡೆ ಬೆಳೆಯುತ್ತದೆ, ಅದರ ಆಚೆಯ ಊರಿನ ದಂಡೆ ಬರಿದಾಗುತ್ತದೆ. ಆಗ ಅಲ್ಲಿಗೂ ಒಂದು ಗೋಡೆ ಬೇಕಾಗುತ್ತದೆ. ಎರಡು ಮೂರು ವರ್ಷಗಳ ಚಿತ್ರಮಾಲೆಯೊಂದು ಸಭೆಯ ಮೇಜಿನ ಮೇಲಿದ್ದರೆ ಇಂಥ ಆತುರಕ್ಕೆ ಕಡಿವಾಣ ಬೀಳುತ್ತದೆ. ಕೊರೆತ ನಿಜವಾಗಿಯೂ ನಡೆಯುತ್ತಿದ್ದರೆ, ಅದನ್ನು ಅಲ್ಲಗಳೆಯುವ ಅಧಿಕಾರಿಗಳ ಬಾಯಿಯನ್ನೂ ಅದೇ ಚಿತ್ರಮಾಲೆ ಕಟ್ಟುತ್ತದೆ.

ಬಳಕೆಯ ಸುಲಭತೆಯ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಶಾಲಾ ಮಕ್ಕಳಿಂದ ಹಿಡಿದು ಮುದುಕರವರೆಗೆ ಯಾರಿಗೂ ಇದನ್ನು ಎರಡನೆಯ ಸಲ ಹೇಳಿಕೊಡಬೇಕಾಗುವುದಿಲ್ಲ.

ಇನ್ನು ಇದರ ಕಣ್ಣಿಗೆ ಬೀಳದ ವಿಷಯಗಳು. ಈ ವಿಧಾನಕ್ಕೆ ಎತ್ತರ ಬೇಕು. ಭೂಶಿರವೋ, ಬಂಡೆಯ ಗುಡ್ಡವೋ, ಎತ್ತರದ ಕಟ್ಟಡವೋ ಇಲ್ಲದ ಚಪ್ಪಟೆ ತೀರದಲ್ಲಿ ಕ್ಯಾಮೆರಾದ ನೋಟ ಮರಳಿನ ಮೇಲೆ ತುಂಬ ಓರೆಯಾಗಿ ಬಿದ್ದು, ದೂರದ ಭಾಗದಲ್ಲಿ ತಪ್ಪು ಬಹಳ ಹೆಚ್ಚುತ್ತದೆ. ಇದಕ್ಕೆ ಮರಳೇ ಬೇಕು. ಕೆಸರು ಬಯಲು, ಅಳಿವೆ, ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಬಂಡೆಯ ತೀರ ಇವುಗಳ ಸ್ಥಿತಿಗತಿಯನ್ನು ನೀರಿನ ಅಂಚಿನ ಒಂದು ಗೆರೆ ಹೇಳಲಾರದು. ನೀರಿನೊಳಗಿನ ಹವಳ, ಮೀನಿನ ಮೊಟ್ಟೆ, ಕಪ್ಪೆಚಿಪ್ಪಿನ ನೆಲೆ, ಸಮುದ್ರ ಹುಲ್ಲು ಇವು ಯಾವುವೂ ಚಿತ್ರದಲ್ಲಿಲ್ಲ. ರಾತ್ರಿಯ ಚಿತ್ರವಿಲ್ಲ, ಬಿರುಗಾಳಿ ಹೊಡೆಯುತ್ತಿರುವಾಗ ಯಾರೂ ಅಲ್ಲಿಗೆ ಹೋಗಬಾರದಾದ್ದರಿಂದ, ಅತ್ಯಂತ ಮುಖ್ಯವಾದ ಗಂಟೆಗಳಲ್ಲೇ ದಾಖಲೆಯಲ್ಲಿ ಬಿರುಕು ಬೀಳುತ್ತದೆ. ಇವೆಲ್ಲ ವಿಧಾನದ ಸಹಜ ಮಿತಿಗಳು. ಇವುಗಳಿಗಾಗಿ ಯಾರನ್ನೂ ದೂರುವಂತಿಲ್ಲ. ಆದರೆ ಜಗತ್ತಿನ ಕಡಲಂಚಿನಲ್ಲಿ ಮೂರನೆಯ ಒಂದು ಭಾಗದಷ್ಟು ಮಾತ್ರ ಮರಳಿನದು ಎಂಬುದನ್ನು ನೆನಪಿಟ್ಟುಕೊಂಡರೆ, ಇದನ್ನು ಎಲ್ಲ ತೀರಗಳಿಗೂ ಒಗ್ಗುವ ಸಾಧನವೆಂದು ಹೇಳಿ ಹಂಚುವುದು ಸರಿಯಲ್ಲವೆಂಬುದು ಮನವರಿಕೆಯಾಗುತ್ತದೆ.

ಎರಡನೆಯ ತಕ್ಕಡಿಯ ಮಾತು ಇಲ್ಲಿಂದ ಶುರು. ಹಿಂದೊಮ್ಮೆ ನಾನು ಕಡಲತೀರದ ಯೋಜನೆಯೊಂದರ ಸಮಾಲೋಚನಾ ಸಭೆಯಲ್ಲಿ ಕುಳಿತಿದ್ದೆ. ಕರೆದಿದ್ದ ಕಚೇರಿಯ ಹೆಸರು ಇಲ್ಲಿ ಬೇಡ. ಗೋಡೆಯ ಮೇಲೆ ಸುಂದರವಾದ ನಕ್ಷೆ ತೂಗುಹಾಕಿದ್ದರು. ಅದರಲ್ಲಿ ದೋಣಿಗಳನ್ನು ಎಳೆದಿಡುವ, ಬಲೆ ಒಣಗಿಸುವ ಉದ್ದನೆಯ ಪಟ್ಟಿಗೆ ತಿಳಿ ಹಳದಿ ಬಣ್ಣ ಬಳಿದು ‘ಖಾಲಿ ಮರಳು’ ಎಂದು ಬರೆದಿದ್ದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ವಯಸ್ಸಾದ ಮೀನುಗಾರರೊಬ್ಬರು ಎದ್ದು, ‘ಅದು ಖಾಲಿ ಅಲ್ಲ ಸ್ವಾಮಿ, ನಾವು ಸಮುದ್ರಕ್ಕೆ ಹೋಗಿದ್ದಾಗ ನೀವು ಬಂದು ನೋಡಿದಿರಿ’ ಎಂದರು. ಸಭೆ ನಕ್ಕಿತು, ನಕ್ಷೆ ಬದಲಾಗಲಿಲ್ಲ. ಅಳತೆಯಲ್ಲಿ ತಪ್ಪಿರಲಿಲ್ಲ, ಮರಳಿನ ವಿಸ್ತಾರ ಸರಿಯಾಗಿಯೇ ಇತ್ತು. ಏನನ್ನು ಅಳೆಯಬೇಕು, ಯಾವ ಹೊತ್ತಿನಲ್ಲಿ ನೋಡಬೇಕು ಎಂಬುದನ್ನು ಬೇರೆ ಯಾರೋ ನಿಶ್ಚಯಿಸಿದ್ದರು.

ಕೋಸ್ಟ್‌ಸ್ನ್ಯಾಪ್‌ನ ಸ್ಟ್ಯಾಂಡಿಗೂ ಇದೇ ಮಾತು ಅನ್ವಯಿಸುತ್ತದೆ. ಸ್ಟ್ಯಾಂಡನ್ನು ಬಿಗಿಯಾಗಿ ಕೂರಿಸಿದ ಕ್ಷಣದಲ್ಲೇ ಅದು ಯಾವ ದಂಡೆಯನ್ನು ನೋಡುತ್ತದೆ, ಯಾವುದನ್ನು ನೋಡುವುದಿಲ್ಲ ಎಂಬುದು ಮುಂದಿನ ಹತ್ತು ವರ್ಷಗಳಿಗೆ ನಿಗದಿಯಾಗಿಬಿಡುತ್ತದೆ. ಜನಸಂಚಾರ ಹೆಚ್ಚಿರುವ ಕಡೆ ಇಟ್ಟರೆ ಚಿತ್ರಗಳು ಹೆಚ್ಚು ಬರುತ್ತವೆ ಎಂಬುದು ನಿಜ, ಆದ್ದರಿಂದ ಪ್ರವಾಸಿಗರು ಸೇರುವ ವೀಕ್ಷಣಾ ಸ್ಥಳಗಳೇ ಮೊದಲು ನೆನಪಿಗೆ ಬರುತ್ತವೆ. ಚಿತ್ರ ತೆಗೆಯುವವರು ಬಹುತೇಕ ಬಿಡುವಿದ್ದು ಅಡ್ಡಾಡಲು ಬಂದವರು. ಬೆಳಗಿನ ಜಾವವೇ ದೋಣಿ ಇಳಿಸುವವರು, ಇಳಿತದ ಹೊತ್ತಿಗೆ ಚಿಪ್ಪು ಆಯುವ ಹೆಂಗಸರು ಆ ಎತ್ತರಕ್ಕೆ ಹತ್ತುವುದು ಅಪರೂಪ. ಅವರ ಬಳಿ ಇರುವ ತಿಳಿವಳಿಕೆಗೆ, ಉದಾಹರಣೆಗೆ ಅಳಿವೆಯ ಬಾಯಿ ಯಾವ ವರ್ಷ ಯಾವ ಕಡೆ ತಿರುಗಿತು, ಯಾವ ಗಾಳಿಗೆ ಯಾವ ಮಗ್ಗುಲು ಕುಸಿಯುತ್ತದೆ ಎಂಬುದಕ್ಕೆ, ಚಿತ್ರ ಕಳುಹಿಸುವ ಪರದೆಯಲ್ಲಿ ಜಾಗವಿಲ್ಲ.

ಜನರ ಭಾಗವಹಿಸುವಿಕೆಯನ್ನು ಅಮೆರಿಕದ ಶೆರ್ರಿ ಆರ್ನ್‌ಸ್ಟೈನ್ 1969ರಲ್ಲಿ ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದ್ದರು. ಕೆಳಗಿನ ಮೆಟ್ಟಿಲುಗಳಲ್ಲಿ ಜನರನ್ನು ಸುಮ್ಮನೆ ಒಪ್ಪಿಸುವ ಕೆಲಸ ನಡೆಯುತ್ತದೆ, ನಡುವೆ ಮಾಹಿತಿ ಕೊಡುವುದೂ ಅಭಿಪ್ರಾಯ ಕೇಳುವುದೂ ಇವೆ, ಮೇಲಿನ ಮೂರು ಮೆಟ್ಟಿಲುಗಳಲ್ಲಿ ಮಾತ್ರ ಅಧಿಕಾರ ಕೈ ಬದಲಾಯಿಸುತ್ತದೆ. ಆ ಏಣಿಯಲ್ಲಿ ಈ ಸೇವೆಯನ್ನು ನಾನು ನಡುವಿನ ಮೆಟ್ಟಿಲುಗಳಿಗಿಂತ ಮೇಲೆ ಇಡಲಾರೆ. ಅದಕ್ಕೆ ಸಲ್ಲಬೇಕಾದ ಶ್ರೇಯಸ್ಸನ್ನೂ ಹೇಳಬೇಕು: ಜನ ಕೊಟ್ಟ ಚಿತ್ರಗಳನ್ನು ನುಂಗಿ ಸುಮ್ಮನಾಗದೆ, ತೀರದ ಚಲನೆಯನ್ನು ತೋರಿಸುವ ಚಿತ್ರಮಾಲೆಗಳನ್ನು ಜನರಿಗೇ ಹಿಂದಿರುಗಿಸುವ ರೂಢಿ ಮೊದಲಿನಿಂದಲೂ ಇದೆ; ಲೆಕ್ಕ ಹಾಕುವ ತಂತ್ರಾಂಶದ ಕೋಡನ್ನೂ ಮುಕ್ತವಾಗಿ ಹಂಚಲಾಗಿದೆ. ಹಾಗಿದ್ದರೂ ಅದು ಮೂಲತಃ ನಡೆಯುವುದು ಮ್ಯಾಟ್‌ಲ್ಯಾಬ್ ಎಂಬ ಹಣ ಕೊಟ್ಟು ಕೊಳ್ಳಬೇಕಾದ ವೇದಿಕೆಯ ಮೇಲೆ; ಗುರುತುಗಳ ಸರ್ವೆಗೆ ಉಪಕರಣ ಬೇಕು, ಓದಿದವರು ಬೇಕು. ಚಿತ್ರ ತೆಗೆಯುವುದು ಎಲ್ಲರ ಕೆಲಸ, ಗೆರೆ ಎಳೆಯುವುದು ಕೆಲವರ ಕೆಲಸ, ಆ ಗೆರೆಯನ್ನು ನೋಡಿ ಏನು ಮಾಡಬೇಕೆಂದು ಹೇಳುವುದು ಇನ್ನೂ ಕೆಲವೇ ಮಂದಿಯ ಕೆಲಸ.

ಅಳತೆ ಮತ್ತು ತೀರ್ಮಾನ ಒಂದೇ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಕಡಲುಗಳಲ್ಲಿ ನಿದರ್ಶನಗಳಿವೆ. ಮಡಗಾಸ್ಕರಿನ ನೈಋತ್ಯ ತೀರದ ಆಂಡವಡೋಕ ಎಂಬ ಊರಿನಲ್ಲಿ ಮೀನುಗಾರಿಕೆಯಿಂದ ಬದುಕುವ ವೆಜೊ ಜನರು 2004ರ ಕೊನೆಯಲ್ಲಿ ಆಕ್ಟೋಪಸ್ ಹಿಡಿಯುವ ಒಂದು ಹವಳದ ದಿಬ್ಬವನ್ನು ಸುಮಾರು ಏಳು ತಿಂಗಳು ಯಾರೂ ಹಿಡಿಯದಂತೆ ಮುಚ್ಚಿಟ್ಟರು. ಆಕ್ಟೋಪಸ್ ಬಹಳ ಬೇಗ ಬೆಳೆಯುವ ಪ್ರಾಣಿಯಾದ್ದರಿಂದ, ಮತ್ತೆ ತೆರೆದಾಗ ಸಿಕ್ಕಿದವುಗಳ ಗಾತ್ರದಲ್ಲೇ ವ್ಯತ್ಯಾಸ ಕಂಡಿತು. ಅದನ್ನು ತಿಳಿಯಲು ತಂತ್ರಾಂಶ ಬೇಕಾಗಲಿಲ್ಲ, ತಕ್ಕಡಿ ಸಾಕಾಯಿತು. ಮೊದಲ ಸಲ ತೆರೆದ ದಿನ ಸುತ್ತಲಿನ ಊರುಗಳಿಂದಲೂ ಜನ ನೆರೆದರು ಎಂಬ ತೊಡಕೂ ಇತ್ತು. ಅದರಿಂದ ಪಾಠ ಕಲಿತು ಆ ಊರುಗಳೆಲ್ಲ ಒಟ್ಟಾಗಿ 2006ರಲ್ಲಿ ವೆಲೊಂಡ್ರಿಯಾಕೆ ಎಂಬ ಸಮುದಾಯ ಸಂರಕ್ಷಿತ ಪ್ರದೇಶವನ್ನು ಕಟ್ಟಿಕೊಂಡವು. ಆ ಹೆಸರಿಗೆ ‘ಕಡಲಿನೊಡನೆ ಬಾಳುವುದು’ ಎಂಬ ಅರ್ಥವಿದೆ. ಅಲ್ಲಿ ‘ದಿನಾ’ ಎಂದು ಕರೆಯುವ, ಊರವರೇ ಕೂಡಿ ಮಾಡಿಕೊಂಡ ಕಟ್ಟಳೆಗಳಿಗೆ ನ್ಯಾಯಾಲಯದ ಮನ್ನಣೆಯನ್ನೂ ಪಡೆಯಲು ಸಾಧ್ಯವಿದೆ. ಅಲ್ಲಿ ಆಕ್ಟೋಪಸ್ ತೂಗಿದವರೇ ಮುಂದಿನ ಸಲ ಯಾವಾಗ ಮುಚ್ಚಬೇಕೆಂಬುದನ್ನೂ ನಿಶ್ಚಯಿಸಿದರು.

ಚಿಲಿ ದೇಶದ ವ್ಯವಸ್ಥೆ ಇನ್ನಷ್ಟು ಕಟ್ಟುನಿಟ್ಟಿನದು. ಅಲ್ಲಿ ‘ಲೋಕೊ’ ಎಂಬ ಬೆಲೆಬಾಳುವ ಕಡಲ ಬಸವನಹುಳುವನ್ನು ಮಿತಿಮೀರಿ ತೆಗೆದ ಪರಿಣಾಮ 1989ರಿಂದ 1992ರವರೆಗೆ ಅದನ್ನು ಹಿಡಿಯುವುದನ್ನೇ ನಿಷೇಧಿಸಬೇಕಾಯಿತು. 1991ರ ಮೀನುಗಾರಿಕೆ ಕಾನೂನಿನ ಪ್ರಕಾರ ಸಣ್ಣ ಮೀನುಗಾರರ ಸಂಘಗಳು ಸಮುದ್ರತಳದ ಗೊತ್ತಾದ ಭಾಗವೊಂದರ ಮೇಲೆ ಪ್ರತ್ಯೇಕ ಹಕ್ಕನ್ನು ಪಡೆಯಬಹುದು. ಆದರೆ ಮೊದಲು ಅಲ್ಲಿ ಎಷ್ಟು ಜೀವಿಗಳಿವೆ ಎಂಬ ಅಧ್ಯಯನ ಮಾಡಿಸಿ ನಿರ್ವಹಣಾ ಯೋಜನೆ ಸಲ್ಲಿಸಬೇಕು. ಆಮೇಲೂ ಕಾಲಕಾಲಕ್ಕೆ ಎಣಿಕೆ ಮಾಡಿಸಿ, ಅದರ ಆಧಾರದ ಮೇಲೆ ಎಷ್ಟು ತೆಗೆಯಬಹುದೆಂಬ ಮಿತಿಯನ್ನು ಪಡೆಯಬೇಕು. ಎಣಿಕೆಯ ಖರ್ಚು ಸಣ್ಣ ಸಂಘಗಳಿಗೆ ಹೊರೆಯೆಂಬ ದೂರು ಸುಳ್ಳಲ್ಲ. ಹಾಗಿದ್ದೂ ಆ ಎಣಿಕೆಗೆ ಹಕ್ಕಿನ ಬೆಂಬಲವಿದೆ. ಎಣಿಸಿದವರಿಗೆ ಅದರಿಂದ ನೇರವಾಗಿ ಏನೋ ಒಂದು ಸಿಗುತ್ತದೆ.

ಕೆನ್ಯಾದ ಗಾಜಿ ಕೊಲ್ಲಿಯಲ್ಲಿ 2013ರಿಂದ ನಡೆಯುತ್ತಿರುವ ಮಿಕೊಕೊ ಪಮೋಜಾ ಯೋಜನೆಯಲ್ಲೂ ಹೀಗೆಯೇ. 117 ಹೆಕ್ಟೇರು ಕಾಂಡ್ಲಾ ಕಾಡನ್ನು ಊರವರು ಕಾಯುತ್ತಾರೆ, ಮರಗಳನ್ನು ಅಳೆಯುವ ಕೆಲಸದಲ್ಲಿ ಭಾಗಿಯಾಗುತ್ತಾರೆ, ಆ ಕಾಡು ಹಿಡಿದಿಟ್ಟ ಇಂಗಾಲದ ಲೆಕ್ಕವನ್ನು ಕಾರ್ಬನ್ ಕ್ರೆಡಿಟ್ಟುಗಳಾಗಿ ಮಾರಿ ಬರುವ ಹಣವನ್ನು ಕುಡಿಯುವ ನೀರಿಗೋ ಶಾಲೆಗೋ ಯಾವುದಕ್ಕೆ ಖರ್ಚು ಮಾಡಬೇಕೆಂದು ಸಭೆ ಸೇರಿ ನಿಶ್ಚಯಿಸುತ್ತಾರೆ.

ಅಧಿಕಾರ ಕೈತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಫಿಲಿಪೀನ್ಸಿನ ಆಪೊ ದ್ವೀಪವನ್ನು ನೋಡಬೇಕು. ಅಲ್ಲಿ ಸಿಲಿಮಾನ್ ವಿಶ್ವವಿದ್ಯಾಲಯದ ಆಂಜೆಲ್ ಅಲ್ಕಾಲ ಮತ್ತು ಅವರ ಸಂಗಡಿಗರ ಮಾತಿಗೆ ಒಪ್ಪಿ, ದ್ವೀಪದ ಮೀನುಗಾರರು 1982ರಲ್ಲಿ ತಮ್ಮ ಹವಳದ ದಂಡೆಯ ಸುಮಾರು ಹತ್ತನೆಯ ಒಂದು ಭಾಗವನ್ನು ಮೀನುಗಾರಿಕೆಗೆ ಮುಚ್ಚಿ, ತಾವೇ ಸರದಿಯಲ್ಲಿ ಕಾವಲು ಕಾದರು. ಮೀನು ಹೆಚ್ಚಿತು, ನೀರಿಗಿಳಿದು ಹವಳ ನೋಡುವ ಪ್ರವಾಸಿಗರೂ ಬಂದರು. 1994ರಲ್ಲಿ ಅದು ರಾಷ್ಟ್ರೀಯ ಸಂರಕ್ಷಿತ ಪ್ರದೇಶವೆಂದು ಘೋಷಣೆಯಾದ ಮೇಲೆ ಆಡಳಿತ ಹಲವು ಇಲಾಖೆಗಳ ಪ್ರತಿನಿಧಿಗಳಿರುವ ಮಂಡಳಿಗೆ ಹೋಯಿತು, ಪ್ರವೇಶ ಶುಲ್ಕದ ಹಣ ರಾಷ್ಟ್ರೀಯ ಖಜಾನೆಯ ದಾರಿ ಹಿಡಿದು ತಿರುಗಿ ಬರಬೇಕಾಯಿತು, ದ್ವೀಪದವರ ಅಸಮಾಧಾನಕ್ಕೆ ಅದೇ ಕಾರಣವಾಯಿತು. ಹವಳವೂ ಅದೇ, ಕಾವಲು ಕಾದವರೂ ಅವರೇ; ಬದಲಾದದ್ದು ತೀರ್ಮಾನ ನಡೆಯುವ ಕೋಣೆ ಮಾತ್ರ.

ಸಾಮೂಹಿಕ ಸಂಪನ್ಮೂಲಗಳ ಅಧ್ಯಯನಕ್ಕಾಗಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನರ್ ಆಸ್ಟ್ರಮ್ ಅವರು, ದೀರ್ಘಕಾಲ ಉಳಿದುಬಂದ ವ್ಯವಸ್ಥೆಗಳಲ್ಲಿ ಮೇಲ್ವಿಚಾರಣೆ ನಡೆಸುವವರು ಬಳಕೆದಾರರೇ ಆಗಿರುತ್ತಾರೆ, ಇಲ್ಲವೆ ಬಳಕೆದಾರರಿಗೆ ಉತ್ತರ ಹೇಳಬೇಕಾದವರಾಗಿರುತ್ತಾರೆ ಎಂದು ತೋರಿಸಿಕೊಟ್ಟರು. ಕಟ್ಟಳೆಗಳನ್ನು ಬದಲಾಯಿಸುವುದರಲ್ಲೂ ಅದೇ ಬಳಕೆದಾರರ ಪಾಲು ಇರಬೇಕೆಂಬುದು ಅವರ ಪಟ್ಟಿಯಲ್ಲಿ ಇನ್ನೊಂದು ಅಂಶ. ಕೋಸ್ಟ್‌ಸ್ನ್ಯಾಪ್ ಮೊದಲ ಅಂಶದ ಅರ್ಧವನ್ನು ಅಚ್ಚುಕಟ್ಟಾಗಿ ಪೂರೈಸುತ್ತದೆ. ಉಳಿದುದನ್ನು ಅದರಿಂದ ನಿರೀಕ್ಷಿಸುವುದು ಮಳೆಮಾಪಕದಿಂದ ನೀರಾವರಿಯನ್ನು ನಿರೀಕ್ಷಿಸಿದಂತೆ. ತಪ್ಪು ಮಾಪಕದ್ದಲ್ಲ, ಸ್ಟ್ಯಾಂಡ್ ನಿಲ್ಲಿಸಿ ಉದ್ಘಾಟನೆ ಮಾಡಿ, ಸಮುದಾಯವನ್ನು ತೊಡಗಿಸಿದ್ದಾಯಿತೆಂದು ವರದಿಯಲ್ಲಿ ಗುರುತು ಹಾಕಿಕೊಳ್ಳುವವರದು.

ಆದುದರಿಂದ ಇದನ್ನು ಹಾಕಿಸಬೇಕೆಂದಿರುವ ಪಂಚಾಯಿತಿ, ಮೀನುಗಾರರ ಸಹಕಾರ ಸಂಘ, ಶಾಲೆ ಅಥವಾ ನಾಗರಿಕ ಸಂಘಗಳಿಗೆ ನನ್ನ ಸಲಹೆ ಇಷ್ಟು. ಸ್ಟ್ಯಾಂಡ್ ಬರುವ ಮೊದಲೇ ಒಂದು ಸಭೆ ನಡೆಯಲಿ. ಅದು ಮೀನುಗಾರರು ದಡದಲ್ಲಿರುವ ಹೊತ್ತಿನಲ್ಲಿ ನಡೆಯಲಿ. ದಂಡೆಯ ಮೇಲೆ ಎಲ್ಲರೂ ಒಪ್ಪುವ ಒಂದು ಗುರುತನ್ನು ಆರಿಸಿಕೊಂಡು, ನೀರಿನ ಅಂಚು ಆ ಗುರುತಿಗೆ ಇಷ್ಟು ಮೀಟರು ಹತ್ತಿರ ಬಂದು, ಮುಂದಿನ ಶಾಂತ ಋತು ಮುಗಿದರೂ ಹಿಂದೆ ಸರಿಯದಿದ್ದರೆ ಏನು ಮಾಡಬೇಕು, ಯಾರು ಮಾಡಬೇಕು ಎಂಬುದನ್ನು ಮೊದಲೇ ಬರೆದಿಡಲಿ. ಬಿರುಗಾಳಿಯ ಮರುದಿನ ಇದನ್ನು ಚರ್ಚಿಸಲು ಕುಳಿತರೆ ಸಭೆ ಗೋಡೆ ಕಟ್ಟುವವರ ಪಾಲಾಗುತ್ತದೆ. ಚಿತ್ರಗಳ ಒಂದು ಪ್ರತಿ ಊರಿನಲ್ಲೇ ಉಳಿಯಬೇಕು; ಶಾಲೆಯ ಕಂಪ್ಯೂಟರಿನಲ್ಲಿ ತಿಂಗಳಿಗೊಂದು ಚಿತ್ರವನ್ನು ದಿನಾಂಕ ಮತ್ತು ಸಮಯದೊಡನೆ ಇಟ್ಟುಕೊಂಡರೂ, ಸಂಶೋಧನಾ ಯೋಜನೆಯ ಹಣ ನಿಂತುಹೋದ ಮೇಲೆ ದಾಖಲೆ ಅನಾಥವಾಗುವುದಿಲ್ಲ. ಅದೇ ಕಡತದ ಪಕ್ಕದಲ್ಲಿ ಒಂದು ನೋಟ್‌ಬುಕ್ಕೂ ಇರಲಿ. ಯಾವ ದಿನ ಯಾವ ಗಾಳಿ ಬೀಸಿತು, ದೋಣಿ ಎಳೆಯಲು ಜಾಗ ಸಾಲದೆ ಹೋಯಿತೇ, ಆಮೆ ಎಲ್ಲಿ ಮೊಟ್ಟೆಯಿಟ್ಟಿತು ಎಂಬುದನ್ನು ಅಲ್ಲಿ ಬರೆದಿಟ್ಟರೆ, ಚಿತ್ರದಲ್ಲಿ ಕಾಣದ ತೀರವೂ ದಾಖಲೆಗೆ ಸೇರುತ್ತದೆ. ಚಿತ್ರದಲ್ಲಿ ಜನರ ಮುಖ ಗುರುತು ಸಿಗುವಷ್ಟು ಹತ್ತಿರದ ನೋಟವನ್ನು ಆರಿಸದಿರುವುದು ಒಳ್ಳೆಯದು. ಇದನ್ನು ಹೇಳಬೇಕೆ ಎನ್ನಿಸಬಹುದು, ಆದರೆ ಜನ ಸ್ನಾನ ಮಾಡುವ ಜಾಗಕ್ಕೆ ಕ್ಯಾಮೆರಾ ತಿರುಗಿಸಿ ಇಟ್ಟರೆ ಊರಿನ ಸಹಕಾರ ಒಂದೇ ದಿನದಲ್ಲಿ ಮುಗಿದುಹೋಗುತ್ತದೆ.

ಕೆಸರಿನ ಅಳಿವೆಯ ಊರುಗಳಿಗೂ, ಎತ್ತರವೇ ಇಲ್ಲದ ಚಪ್ಪಟೆ ದ್ವೀಪಗಳಿಗೂ, ಮರಳಿಗಿಂತ ಮೀನೇ ಮುಖ್ಯ ಚಿಂತೆಯಾಗಿರುವ ಕಡೆಗಳಿಗೂ ಇದನ್ನು ನಾನು ಸೂಚಿಸುವುದಿಲ್ಲ. ಅಂಥ ಕಡೆ ತಕ್ಕಡಿಯೂ ನೋಟ್‌ಬುಕ್ಕೂ ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಉಳಿದ ಮರಳ ತೀರಗಳಿಗೆ, ಮೇಲೆ ಹೇಳಿದ ಸಭೆ ನಡೆದಿದ್ದರೆ, ಧಾರಾಳವಾಗಿ ಸೂಚಿಸುತ್ತೇನೆ. ಅಂಕ ಕೊಡಲೇಬೇಕೆಂದರೆ ಅಳತೆಯ ಸಾಧನವಾಗಿ ಐದಕ್ಕೆ ನಾಲ್ಕು, ಜನರ ಪಾಲುದಾರಿಕೆಯ ಸಾಧನವಾಗಿ ಐದಕ್ಕೆ ಎರಡು. ಸ್ಟ್ಯಾಂಡನ್ನು ಎಲ್ಲಿ ಬಿಗಿಯಬೇಕೆಂದು ನನ್ನನ್ನು ಕೇಳಿದರೆ, ಪ್ರವಾಸಿಗರ ವೀಕ್ಷಣಾ ಗೋಪುರವನ್ನು ಬಿಟ್ಟು, ದೋಣಿಗಳನ್ನು ಎಳೆದಿಡುವ ಜಾಗ ಚೆನ್ನಾಗಿ ಕಾಣುವ ಗುಡ್ಡವನ್ನು ತೋರಿಸುತ್ತೇನೆ. ಚಿತ್ರಗಳು ಕಡಿಮೆ ಬಂದಾವು, ಆದರೆ ಅವುಗಳಲ್ಲಿ ಯಾರೂ ಆ ಮರಳನ್ನು ಖಾಲಿ ಎಂದು ಬರೆಯಲಾರರು.